ಜೀವನಾಂಶದ ಲೆಕ್ಕ

ಊರಿಗಾಂ ಸುತ್ತಿನ ಗಣಿ ಲೈನುಗಳಲ್ಲಿ ಸಂಸಾರ ಒಡೆದು ಕೋರ್ಟಿಗೆ ಹೋದರೆ, ಗಂಡನ ಆದಾಯ ತಿಳಿಯುವುದು ಹಿಂದೆ ಕಷ್ಟವಿರಲಿಲ್ಲ. ಕಂಪೆನಿಯ ಸಂಬಳದ ಚೀಟಿಯೇ ಸಾಕ್ಷಿ. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿದ್ದ ತಿಂಗಳಿಗೆ 500 ರೂಪಾಯಿಯ ಮಿತಿ ರದ್ದಾಯಿತು. ಹೆಚ್ಚು ಕೇಳಲು ಕಾನೂನು ದಾರಿ ಬಿಟ್ಟಾಗ, ಇಲ್ಲಿನವರ ಕೈಯಲ್ಲಿ ತೋರಿಸಲು ಚೀಟಿಯೇ ಇರಲಿಲ್ಲ!

ಈಗ ಇಲ್ಲಿಂದ ಸಾವಿರಾರು ಮಂದಿ ರೈಲು ಹಿಡಿದು, ಬಂಗಾರಪೇಟೆ ದಾಟಿ, ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಖಾಯಂ ಕೆಲಸವಿಲ್ಲ, ಮಗುವಿನ ಫೀಜು ಎಲ್ಲಿಂದ ತರಲಿ ಎಂಬ ವಾದ ಸುಲಭ. ಆದರೆ ಅದು ನಿಲ್ಲುವುದಿಲ್ಲ. ಮೈಯಲ್ಲಿ ಶಕ್ತಿಯಿರುವವನು ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕೆಂದು 2022ರ ಅಂಜು ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2020ರ ರಜನೇಶ್–ನೇಹಾ ತೀರ್ಪಿನಂತೆ ಗಂಡ ಹೆಂಡತಿ ಇಬ್ಬರೂ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಜೀವನಾಂಶದ ಲೆಕ್ಕ ಅರ್ಜಿ ಹಾಕಿದ ದಿನದಿಂದಲೇ ಶುರು. ಸಂಬಳದ ಕಾಲುಭಾಗ ಎಂಬ ಮಾತು ಜನರ ಬಾಯಲ್ಲಿದೆ; ಅದು ಕಾನೂನಲ್ಲ. ಮನೆ ಬಾಡಿಗೆ, ಔಷಧಿ, ಶಾಲೆಯ ರಸೀದಿ ಎಲ್ಲವನ್ನೂ ನ್ಯಾಯಾಧೀಶರು ತೂಗುತ್ತಾರೆ. ಆದ್ದರಿಂದ ಫೀಜಿನ ರಸೀದಿಯನ್ನು ಎಸೆಯಬಾರದು.

ತಾಯಿಯೂ ದುಡಿಯುತ್ತಿದ್ದರೆ? 2000ದ ಪದ್ಮಜಾ ಶರ್ಮಾ ಪ್ರಕರಣದಲ್ಲಿ ತಂದೆಯ ಆದಾಯ ತಾಯಿಯದಕ್ಕಿಂತ ಸುಮಾರು ಎರಡರಷ್ಟಿತ್ತು. ಮಕ್ಕಳ ಖರ್ಚನ್ನೂ ಎರಡಕ್ಕೆ ಒಂದರಂತೆ ಹಂಚಲಾಯಿತು.

2024ರ ಜುಲೈಯಿಂದ 125ನೇ ಕಲಮಿನ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಇದೆ. ಗಂಡ ಬೆಂಗಳೂರಿನಲ್ಲಿದ್ದರೂ ಹೆಂಡತಿ ತಾನಿರುವ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. ಆಕೆಯ ನಡತೆಯ ಮೇಲೆ ಆರೋಪ ಹೊರಿಸಿ ಆಕೆಯ ಪಾಲನ್ನು ತಡೆಯಲು ಯತ್ನಿಸುವವರುಂಟು. ಮಗುವಿನ ಪಾಲನ್ನು ಆ ಆರೋಪ ಮುಟ್ಟುವುದಿಲ್ಲ. ಕೊಡದೆ ಉಳಿಸಿಕೊಂಡ ಒಂದೊಂದು ತಿಂಗಳಿಗೆ ಒಂದು ತಿಂಗಳವರೆಗೆ ಜೈಲು. ಹೋಗಿ ಬಂದರೂ ಬಾಕಿ ತೀರದು. ಆದರೆ ಬಾಕಿ ವಸೂಲಿಗೆ ವರ್ಷದೊಳಗೇ ಅರ್ಜಿ ಕೊಡಬೇಕು.

ತೊಡಕಿರುವುದು 18ನೇ ವಯಸ್ಸಿನಲ್ಲಿ. ಹಿಂದೂ ಕುಟುಂಬದ ಅವಿವಾಹಿತ ಮಗಳಿಗೆ ಸ್ವಂತ ಆಧಾರವಿಲ್ಲದಿದ್ದರೆ 1956ರ ಕಾಯಿದೆಯಂತೆ ಆಮೇಲೂ ಹಕ್ಕುಂಟು. ಆರೋಗ್ಯವಂತ ಮಗನಿಗೆ 144ನೇ ಕಲಮಿನ ನೆರವು ಅಲ್ಲಿಗೆ ನಿಲ್ಲುತ್ತದೆ, ಎಂದರೆ ಪಿ.ಯು.ಸಿ. ಮುಗಿದು ಕಾಲೇಜಿನ ಫೀಜು ಏರುವ ಹೊತ್ತಿಗೆ. ಒಪ್ಪಿಗೆಯ ವಿಚ್ಛೇದನವಾದರೆ ಡಿಗ್ರಿಯವರೆಗಿನ ಓದಿನ ಖರ್ಚು ಯಾರದೆಂದು ಕರಾರಿನಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು.