ನಿಯಮ ಅಡ್ಮಿನ್‌ಗೂ ಅನ್ವಯಿಸಲಿ

ಬೆಂಗಳೂರಿನ ಯಾವುದಾದರೂ ಅಪಾರ್ಟ್‌ಮೆಂಟಿನ ನಿವಾಸಿಗಳ ವಾಟ್ಸ್‌ಆ್ಯಪ್ ಗ್ರೂಪನ್ನು ನೋಡಿ. ನೀರಿನ ಟ್ಯಾಂಕರ್‌ ದರದ ಬಗ್ಗೆ ಮಾತು ನಡೆಯುತ್ತಿರುವಾಗ ಒಬ್ಬರು ರಾಜಕೀಯ ವಿಡಿಯೊ ಫಾರ್ವರ್ಡ್ ಮಾಡುತ್ತಾರೆ. ‘ಇಂಥದ್ದು ಈ ಗ್ರೂಪಿನಲ್ಲಿ ಬೇಡ’ ಎಂದು ಇನ್ನೊಬ್ಬರು ಆಕ್ಷೇಪಿಸುತ್ತಾರೆ. ‘ಮೊನ್ನೆ ಅವರು ಹಾಕಿದಾಗ ನೀವ್ಯಾಕೆ ಸುಮ್ಮನಿದ್ರಿ?’ ಎಂದು ಮೂರನೆಯವರು ಕೇಳುತ್ತಾರೆ. ಅಲ್ಲಿಂದ ಮಾತು ಜಾತಿ, ಪಕ್ಷ, ಊರು, ಮನೆತನದವರೆಗೂ ಹೋಗುತ್ತದೆ. ಇಬ್ಬರು ಗ್ರೂಪ್ ಬಿಟ್ಟು ಹೋಗುತ್ತಾರೆ, ಒಬ್ಬರನ್ನು ಅಡ್ಮಿನ್ ತೆಗೆದುಹಾಕುತ್ತಾರೆ. ಟ್ಯಾಂಕರ್ ದರ ಇದ್ದಲ್ಲೇ ಇರುತ್ತದೆ. ಹಳೆ ವಿದ್ಯಾರ್ಥಿಗಳ ಗ್ರೂಪು, ಸಾಹಿತ್ಯಾಸಕ್ತರ ಫೇಸ್‌ಬುಕ್ ಬಳಗ, ಹೊರದೇಶದ ಕನ್ನಡ ಕೂಟಗಳ ಗ್ರೂಪುಗಳಲ್ಲೂ ಜಗಳ ನಡೆಯುವುದು ಹೀಗೆಯೇ.

ಇದನ್ನು ಕೆಲಸವಿಲ್ಲದವರ ಕಿತ್ತಾಟ ಎಂದು ತಳ್ಳಿಹಾಕುವುದು ಸುಲಭ. ಆದರೆ ‘ಇಲ್ಲಿ ಏನು ಬರೆಯಬಹುದು’ ಎಂಬ ತಕರಾರಿನ ಒಳಗೆ ‘ಅದನ್ನು ಯಾರು ತೀರ್ಮಾನಿಸಬೇಕು, ಆ ತೀರ್ಮಾನ ಎಲ್ಲರಿಗೂ ಒಂದೇ ಥರ ಅನ್ವಯವಾಗುತ್ತದೆಯೇ’ ಎಂಬ ಪ್ರಶ್ನೆ ಇದೆ. ಅದು ಆಡಳಿತದ ಪ್ರಶ್ನೆ. ಅದನ್ನು ಬರೀ ಸಭ್ಯತೆಯ ಪ್ರಶ್ನೆ ಎಂದುಕೊಂಡಿರುವುದರಿಂದಲೇ ನಮ್ಮ ಗುಂಪುಗಳು ಮತ್ತೆ ಮತ್ತೆ ಒಡೆಯುತ್ತಿವೆ.

ಈ ಸಮಸ್ಯೆ ಸ್ಮಾರ್ಟ್‌ಫೋನಿನ ಜತೆ ಬಂದದ್ದಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 1979ರಲ್ಲಿ ರೂಪಿಸಿದ ಯೂಸ್‌ನೆಟ್ ಎಂಬ ಚರ್ಚಾಜಾಲವೂ ಇದನ್ನು ಎದುರಿಸಿತ್ತು. ಅಲ್ಲಿ ಪ್ರತಿ ಸೆಪ್ಟೆಂಬರ್‌ನಲ್ಲಿ, ಕಾಲೇಜು ಶುರುವಾದಾಗ, ಹೊಸ ವಿದ್ಯಾರ್ಥಿಗಳು ಬಂದು ರೂಢಿಗಳನ್ನು ಮುರಿಯುತ್ತಿದ್ದರು. ಹಳಬರು ತಿದ್ದುತ್ತಿದ್ದರು. ಕೆಲವು ವಾರಗಳಲ್ಲಿ ಎಲ್ಲ ಸರಿಹೋಗುತ್ತಿತ್ತು. 1993-94ರ ಹೊತ್ತಿಗೆ ಅಮೆರಿಕ ಆನ್‌ಲೈನ್‌ನಂಥ ವಾಣಿಜ್ಯ ಸೇವೆಗಳ ಗ್ರಾಹಕರಿಗೆ ಈ ಜಾಲ ತೆರೆದುಕೊಂಡಿತು. ಆಮೇಲೆ ಹೊಸಬರು ಬರುವುದು ವರ್ಷಕ್ಕೊಮ್ಮೆಯಾಗಿ ಉಳಿಯಲಿಲ್ಲ, ದಿನವೂ ಬಂದರು. ತಿದ್ದುವವರಿಗಿಂತ ಬರುವವರೇ ಹೆಚ್ಚಾದಾಗ ಬಾಯಿಮಾತಿನ ರೂಢಿ ಸೋತಿತು.

1995ರ ಅಕ್ಟೋಬರ್‌ನಲ್ಲಿ ಇಂಟೆಲ್ ಕಂಪನಿಯ ಸ್ಯಾಲಿ ಹ್ಯಾಂಬ್ರಿಜ್ ಈ ರೂಢಿಗಳನ್ನು ಕ್ರೋಡೀಕರಿಸಿದರು. ಆರ್‌ಎಫ್‌ಸಿ 1855 ಎಂದು ಕರೆಯಲಾಗುವ ಆ ಕೈಪಿಡಿಯ ಸಲಹೆಗಳು ಇಂದಿಗೂ ಹಳತಾಗಿಲ್ಲ. ಗುಂಪಿಗೆ ಸೇರಿದ ಮೇಲೆ ಒಂದೆರಡು ತಿಂಗಳು ಓದುತ್ತಿದ್ದು ನಂತರ ಬರೆಯಿರಿ, ಸಿಟ್ಟಿನಲ್ಲಿ ಬರೆದ ಉತ್ತರವನ್ನು ಒಂದು ರಾತ್ರಿ ಕಳೆದ ಮೇಲೆ ಕಳುಹಿಸಿ, ಇಡೀ ಸಂದೇಶವನ್ನು ದೊಡ್ಡಕ್ಷರಗಳಲ್ಲಿ ಬರೆದು ಕೂಗಾಡಬೇಡಿ. ಎಲ್ಲವೂ ಒಳ್ಳೆಯ ಮಾತುಗಳೇ. ಆದರೆ ಅವು ಒಬ್ಬೊಬ್ಬ ಬರಹಗಾರನ ವಿವೇಕವನ್ನು ನೆಚ್ಚಿದ್ದವು. ವಿವೇಕಕ್ಕೆ ಒಪ್ಪದವರನ್ನು ಗುಂಪು ಏನು ಮಾಡಬೇಕು ಎಂಬ ಪ್ರಶ್ನೆ ಸಲಹೆಗಳಿಂದ ಬಗೆಹರಿಯುವಂಥದ್ದಲ್ಲ.

ಆ ಪ್ರಶ್ನೆಯನ್ನು ನೇರವಾಗಿ ಎದುರಿಸಿದ್ದು ಲ್ಯಾಂಬ್ಡಾಮೂ ಎಂಬ ತಾಣ. ಅಕ್ಷರಗಳಲ್ಲೇ ಕಟ್ಟಿದ, ನೂರಾರು ಜನ ಒಟ್ಟಿಗೆ ಸೇರಿ ಹರಟುತ್ತಿದ್ದ ಕಾಲ್ಪನಿಕ ಮನೆ ಅದು. ಅದನ್ನು ನಡೆಸುತ್ತಿದ್ದವರು ಜೆರಾಕ್ಸ್ ಸಂಶೋಧನಾ ಕೇಂದ್ರದ ಪಾವೆಲ್ ಕರ್ಟಿಸ್. ಸದಸ್ಯರ ಜಗಳ ಬಿಡಿಸಿ ಬೇಸತ್ತ ಅವರು 1992ರ ಡಿಸೆಂಬರ್‌ನಲ್ಲಿ, ಮುಂದೆ ನಿರ್ವಾಹಕರು ತಾಂತ್ರಿಕ ಕೆಲಸ ಮಾತ್ರ ನೋಡಿಕೊಳ್ಳುತ್ತಾರೆ, ಸಾಮಾಜಿಕ ವಿಚಾರಗಳನ್ನು ಸದಸ್ಯರೇ ನಿಭಾಯಿಸಲಿ ಎಂದು ಘೋಷಿಸಿದರು. ಕೆಲವೇ ತಿಂಗಳಲ್ಲಿ ಒಬ್ಬ ಬಳಕೆದಾರ ಎಲ್ಲರೂ ಸೇರುವ ಕೋಣೆಯಲ್ಲಿ ಇತರ ಸದಸ್ಯರ ಮೇಲೆ ಲೈಂಗಿಕ ಹಿಂಸೆಯ ವರ್ಣನೆಗಳನ್ನು ಹರಿಬಿಟ್ಟ. ದಿನಗಟ್ಟಲೆ ಚರ್ಚೆ ನಡೆಯಿತು. ಆತನನ್ನು ಹೊರಹಾಕಬೇಕೇ, ಹಾಕುವ ಅಧಿಕಾರ ಯಾರಿಗಿದೆ ಎಂಬುದು ಇತ್ಯರ್ಥವಾಗಲಿಲ್ಲ. ಕೊನೆಗೆ ಒಬ್ಬ ನಿರ್ವಾಹಕ ತಾನಾಗಿಯೇ ಆ ಖಾತೆಯನ್ನು ಅಳಿಸಿದರು. ಬಳಿಕ ಮನವಿ ಮತ್ತು ಮತದಾನದ ವ್ಯವಸ್ಥೆ ಬಂತು. ಆದರೂ 1996ರಲ್ಲಿ ನಿರ್ವಾಹಕರು ಮರಳಿ ಬಂದು, ತಾಂತ್ರಿಕ ನಿರ್ಧಾರವನ್ನೂ ಸಾಮಾಜಿಕ ನಿರ್ಧಾರವನ್ನೂ ಬೇರ್ಪಡಿಸಲು ಆಗದು ಎಂದು ಒಪ್ಪಿಕೊಂಡರು.

‘ಅಡ್ಮಿನ್ ಮಧ್ಯೆ ಬರಬಾರದು, ದೊಡ್ಡವರು ತಾವೇ ಅರಿತು ನಡೆಯುತ್ತಾರೆ’ ಎನ್ನುವವರು ಈ ಅನುಭವವನ್ನು ಗಮನಿಸಬೇಕು. ಅಳಿಸುವ, ಹೊರಹಾಕುವ ಗುಂಡಿ ಯಾರ ಕೈಯಲ್ಲಿದೆಯೋ ಅವರಲ್ಲಿ ಅಧಿಕಾರ ಇದ್ದೇ ಇರುತ್ತದೆ. ನಿಯಮ ಇಲ್ಲದಿದ್ದರೆ ಅಧಿಕಾರ ಇಲ್ಲವಾಗುವುದಿಲ್ಲ, ಅದು ಅಡ್ಮಿನ್‌ನ ಅಂದಂದಿನ ಮನಸ್ಸಿಗೆ ತಕ್ಕಂತೆ ನಡೆಯುತ್ತದೆ.

ಹಾಗಾದರೆ ಟ್ರೋಲ್ ಮಾಡುವವರು ಯಾರು? ಅವರೊಂದು ಬೇರೆ ಜಾತಿಯ ಜನ, ಅವರನ್ನು ಗುರುತಿಸಿ ಹೊರಗಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಲುಗಾಡಿಸಿತು. ಮೊದಲೇ ಕಿರಿಕಿರಿಗೊಂಡಿದ್ದು, ಮೇಲಿನ ಪ್ರತಿಕ್ರಿಯೆಗಳಲ್ಲೂ ನಿಂದನೆಯನ್ನೇ ಓದಿದ ಸಾಮಾನ್ಯ ಜನರು ಟ್ರೋಲ್ ಮಾಡುವ ಸಾಧ್ಯತೆ ಸುಮಾರು ಇಮ್ಮಡಿಯಾಗಿತ್ತು. ಅಂದರೆ ಮೊದಲ ನಾಲ್ಕು ಉತ್ತರಗಳು ಹೇಗಿವೆ ಎಂಬುದು ಐದನೆಯವರ ಮಾತನ್ನು ರೂಪಿಸುತ್ತದೆ. ಬೆಳಿಗ್ಗೆ ಲಿಫ್ಟಿನಲ್ಲಿ ನಗುತ್ತಾ ಮಾತಾಡಿಸಿದವರೇ ರಾತ್ರಿ ಗ್ರೂಪಿನಲ್ಲಿ ಕಠೋರವಾಗುವುದು ಇದರಿಂದ ಅರ್ಥವಾಗುತ್ತದೆ.

ಹಾಗೆಂದು ಎಲ್ಲ ಕಿರಿಕಿರಿಯೂ ಒಂದೇ ಅಲ್ಲ. ಮೂರನ್ನು ಬೇರ್ಪಡಿಸಲೇಬೇಕು. ಮೊದಲನೆಯದು ಶಿಸ್ತಿನ ಕೊರತೆ: ದಿನಕ್ಕೆ ಹತ್ತು ಶುಭೋದಯದ ಚಿತ್ರ, ವಿಷಯಕ್ಕೆ ಸಂಬಂಧವಿಲ್ಲದ ಫಾರ್ವರ್ಡ್, ಒಬ್ಬರಿಗೆ ಹೇಳಬೇಕಾದದ್ದನ್ನು ಎಲ್ಲರಿಗೂ ಹೇಳುವುದು. ಇದಕ್ಕೆ ಒಂದು ಸಣ್ಣ ನೆನಪೋಲೆ ಸಾಕು. ಎರಡನೆಯದು ಅಭಿಪ್ರಾಯಭೇದ, ಅದೂ ಖಾರವಾದದ್ದು. ನಿರ್ವಹಣಾ ಶುಲ್ಕದ ಲೆಕ್ಕ ಕೇಳುವವರು, ಬಹುಮತಕ್ಕೆ ಒಪ್ಪದ ಮಾತಾಡುವವರು ಈ ಸಾಲಿಗೆ ಸೇರುತ್ತಾರೆ. ಇವರನ್ನು ಟ್ರೋಲ್ ಎಂದು ಕರೆದು ಬಾಯಿ ಮುಚ್ಚಿಸುವುದು ಈಗ ರೂಢಿಯಾಗುತ್ತಿದೆ, ಇದು ಟ್ರೋಲಿಂಗ್‌ನಷ್ಟೇ ಅಪಾಯಕಾರಿ. ಮೂರನೆಯದು ದುರುದ್ದೇಶದ ಕಾಟ: ಬೆದರಿಕೆ, ಖಾಸಗಿ ವಿವರ ಬಯಲು ಮಾಡುವುದು, ಗುಂಪುಗೂಡಿ ಒಬ್ಬರ ಮೇಲೆ ಮುಗಿಬೀಳುವುದು.

ಮೂರನೆಯದರ ಹೊರೆ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. 2019ರ ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ 95 ಮಹಿಳಾ ರಾಜಕಾರಣಿಗಳನ್ನು ಹೆಸರಿಸಿದ ಟ್ವೀಟ್‌ಗಳನ್ನು ಅಮ್ನೆಸ್ಟಿ ಇಂಡಿಯಾ ಪರಿಶೀಲಿಸಿದಾಗ, ಪ್ರತಿ ಏಳರಲ್ಲಿ ಒಂದು ನಿಂದನೀಯ ಅಥವಾ ಆಕ್ಷೇಪಾರ್ಹವಾಗಿತ್ತು. ಅಧಿಕಾರ, ಹೆಸರು, ಬೆಂಬಲಿಗರು ಇರುವವರ ಪಾಡೇ ಹೀಗಾದರೆ ಸಾಮಾನ್ಯ ಹೆಣ್ಣುಮಗಳು ಗ್ರೂಪಿನಲ್ಲಿ ಭಿನ್ನಮತ ಹೇಳುವ ಮುನ್ನ ಎರಡು ಸಲ ಯೋಚಿಸುವುದು ಸಹಜ. ‘ಸುಮ್ಮನೆ ಕಡೆಗಣಿಸಿ’ ಎಂಬ ಸಲಹೆ ಇಲ್ಲಿ ಸಲ್ಲದು. ಏಟು ತಿಂದವರೇ ಸಹಿಸಿಕೊಳ್ಳಲಿ ಎನ್ನುವುದು ನ್ಯಾಯವಲ್ಲ. ಅಂಥ ಸಂದೇಶವನ್ನು ದಾಖಲಿಸಿಕೊಂಡು ಹಾಕಿದವರನ್ನು ತಕ್ಷಣ ಹೊರಗಿಡಬೇಕು, ಬೆದರಿಕೆ ಇದ್ದರೆ ಪೊಲೀಸರಿಗೆ ದೂರು ಕೊಡಬೇಕು.

ಆದರೆ ಎಲ್ಲಕ್ಕೂ ಕಾನೂನನ್ನೇ ಕರೆಯುವುದರ ಫಲವನ್ನೂ ಈ ದೇಶ ನೋಡಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ‘ಕಿರಿಕಿರಿ’ ಉಂಟುಮಾಡುವ ಸಂದೇಶವನ್ನೂ ಅಪರಾಧವಾಗಿಸಿತ್ತು. 2012ರಲ್ಲಿ ಮುಂಬೈ ಬಂದ್ ಕುರಿತ ಫೇಸ್‌ಬುಕ್ ಪೋಸ್ಟ್‌ಗಾಗಿ ಪಾಲ್ಘರ್‌ನ ಇಬ್ಬರು ಯುವತಿಯರ ಬಂಧನವಾಯಿತು. ಶ್ರೇಯಾ ಸಿಂಘಲ್ ಪ್ರಕರಣದಲ್ಲಿ 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಆ ಸೆಕ್ಷನ್ ಅನ್ನು ರದ್ದುಪಡಿಸಿತು. ಚರ್ಚೆ, ಪ್ರತಿಪಾದನೆ ಮತ್ತು ಪ್ರಚೋದನೆ ಬೇರೆ ಬೇರೆ, ಮೊದಲೆರಡು ಎಷ್ಟೇ ಅಪ್ರಿಯವಾಗಿದ್ದರೂ ಅವಕ್ಕೆ ರಕ್ಷಣೆಯಿದೆ ಎಂಬುದು ಆ ತೀರ್ಪಿನ ತಿರುಳು. ಈ ವಿವೇಚನೆ ಸಣ್ಣ ಗ್ರೂಪುಗಳಿಗೂ ಮಾದರಿ. ಸದಸ್ಯರು ಹಾಕಿದ ಪೋಸ್ಟಿಗೆ ಅಡ್ಮಿನ್‌ ತಾನಾಗಿಯೇ ಅಪರಾಧಿಯಾಗುವುದಿಲ್ಲ ಎಂದು 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ. ಆದ್ದರಿಂದ ಪೊಲೀಸರ ಭಯದಿಂದ ಎಲ್ಲರ ಬಾಯಿ ಕಟ್ಟುವ ಅಗತ್ಯ ಅಡ್ಮಿನ್‌ಗಳಿಗಿಲ್ಲ.

ನಿಜವಾದ ಹೆಸರು ಕಡ್ಡಾಯವಾದರೆ ಎಲ್ಲರೂ ಮರ್ಯಾದೆಯಿಂದ ಇರುತ್ತಾರೆ ಎಂಬ ವಾದವೂ ಆಗಾಗ ಕೇಳಿಬರುತ್ತದೆ. ದಕ್ಷಿಣ ಕೊರಿಯಾ 2007ರಲ್ಲಿ ದೊಡ್ಡ ಜಾಲತಾಣಗಳಲ್ಲಿ ಗುರುತು ದೃಢೀಕರಣವನ್ನು ಕಡ್ಡಾಯ ಮಾಡಿತು. 2011ರಲ್ಲಿ ಅಲ್ಲಿನ ಜನಪ್ರಿಯ ತಾಣಗಳಿಂದ ಸುಮಾರು 3.5 ಕೋಟಿ ಬಳಕೆದಾರರ ಮಾಹಿತಿ ಕಳುವಾಯಿತು. ಮರುವರ್ಷ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಆ ಕಾನೂನನ್ನು ತಳ್ಳಿಹಾಕಿತು. ದೂರದ ಉದಾಹರಣೆಯೂ ಬೇಕಿಲ್ಲ. ನಮ್ಮ ಅಪಾರ್ಟ್‌ಮೆಂಟ್ ಗ್ರೂಪುಗಳಲ್ಲಿ ಎಲ್ಲರ ಹೆಸರು, ಫೋನ್ ನಂಬರ್, ಮನೆ ನಂಬರ್ ಎಲ್ಲರಿಗೂ ಗೊತ್ತು. ಜಗಳ ನಿಂತಿದೆಯೇ?

ಫಲ ಕೊಟ್ಟಿರುವ ದಾರಿ ಬೇರೆಯೇ ಇದೆ. ರೆಡಿಟ್ ತಾಣದ ವಿಜ್ಞಾನ ಬಳಗದಲ್ಲಿ ಸಂಶೋಧಕ ಜೆ. ನೇಥನ್ ಮಟಿಯಾಸ್ ಒಂದು ಪ್ರಯೋಗ ನಡೆಸಿ 2019ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಚರ್ಚೆಯ ತಲೆಯಲ್ಲೇ ನಿಯಮಗಳನ್ನು ಕಾಣುವಂತೆ ಹಾಕಿದಾಗ ಹೊಸಬರು ನಿಯಮ ಪಾಲಿಸುವುದು ಹೆಚ್ಚಿತು. ಅದಕ್ಕಿಂತ ಮುಖ್ಯವಾಗಿ, ಚರ್ಚೆಯಲ್ಲಿ ಮಾತಾಡುವ ಹೊಸಬರ ಸಂಖ್ಯೆ ಸರಾಸರಿ ಶೇ 70ರಷ್ಟು ಏರಿತು. ನಿಯಮ ಹಾಕಿದರೆ ಜನ ಹೆದರಿ ಸುಮ್ಮನಾಗುತ್ತಾರೆ ಎಂಬ ಭಯ ಅಲ್ಲಿ ಸುಳ್ಳಾಯಿತು. ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಎಂಬುದು ಮೊದಲೇ ಗೊತ್ತಿದ್ದರೆ ಸಂಕೋಚದವರಿಗೂ ಧೈರ್ಯ ಬರುತ್ತದೆ.

ಕೆರೆ, ಹುಲ್ಲುಗಾವಲು, ಮೀನುಗಾರಿಕೆಯಂಥ ಸಾಮೂಹಿಕ ಆಸ್ತಿಗಳನ್ನು ಜನರೇ ಹೇಗೆ ಉಳಿಸಿಕೊಳ್ಳುತ್ತಾರೆ ಎಂದು ಅಧ್ಯಯನ ಮಾಡಿದ ಎಲಿನಾರ್ ಆಸ್ಟ್ರಮ್ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಬಾಳಿಕೆ ಬಂದ ವ್ಯವಸ್ಥೆಗಳಲ್ಲಿ ಅವರು ಕಂಡ ಸಮಾನ ಗುಣಗಳು ಕೆಲವು: ನಿಯಮ ಬದಲಿಸುವಲ್ಲಿ ಬಳಸುವವರಿಗೆ ಪಾಲು, ತಪ್ಪಿನ ಗಾತ್ರಕ್ಕೆ ತಕ್ಕ ಏರುಕ್ರಮದ ದಂಡನೆ, ತಕರಾರಿಗೆ ಸುಲಭದ ವೇದಿಕೆ, ಕಾವಲು ಕಾಯುವವರ ಮೇಲೂ ಜನರ ನಿಗಾ. 1996ರಲ್ಲಿ ಸಮಾಜವಿಜ್ಞಾನಿಗಳಾದ ಪೀಟರ್ ಕೊಲಾಕ್ ಮತ್ತು ಮಾರ್ಕ್ ಸ್ಮಿತ್ ಇದೇ ಸೂತ್ರಗಳನ್ನು ಯೂಸ್‌ನೆಟ್‌ಗೆ ಅನ್ವಯಿಸಿ ನೋಡಿದರು. ನಮಗೆ ಇದು ಹೊಸದಲ್ಲ. ಕರ್ನಾಟಕದ ಕೆರೆ ಬಯಲುಗಳಲ್ಲಿ ತೂಬು ಎತ್ತಿ ಸರದಿಯಂತೆ ಗದ್ದೆಗಳಿಗೆ ನೀರು ಬಿಡುತ್ತಿದ್ದ ನೀರಗಂಟಿಗೆ ಅಧಿಕಾರವಿತ್ತು, ಆದರೆ ನೀರು ಅವನದಾಗಿರಲಿಲ್ಲ. ಅವನು ಊರಿಗೆ ಉತ್ತರ ಹೇಳಬೇಕಿತ್ತು. ಅಡ್ಮಿನ್‌ನ ಸ್ಥಾನವೂ ಅಂಥದ್ದೇ ಆಗಬೇಕು.

ಅತಿ ಪ್ರಭಾವಿಗಳಿಗೂ ಈ ಮಾತು ಅನ್ವಯಿಸಿದ ನಿದರ್ಶನವಿದೆ. ಲಿನಕ್ಸ್ ಎಂಬ ಕಂಪ್ಯೂಟರ್ ಕಾರ್ಯಾಚರಣಾ ತಂತ್ರಾಂಶದ ತಿರುಳಾದ ಕರ್ನಲ್‌ನ ಅಭಿವೃದ್ಧಿಯ ಚರ್ಚೆಗಳಲ್ಲಿ ಅದರ ಜನಕ ಲೈನಸ್ ಟೊರ್ವಾಲ್ಡ್ಸ್ ಸಹ ಅಭಿವೃದ್ಧಿಗಾರರನ್ನು ಕಟುವಾಗಿ ಬೈಯುವುದು ವರ್ಷಗಳ ಕಾಲ ನಡೆದಿತ್ತು. ಕೆಲಸ ಚೆನ್ನಾಗಿ ಆಗಬೇಕಾದರೆ ಮಾತು ಒರಟಾಗಿರಲೇಬೇಕು ಎಂಬ ಸಮರ್ಥನೆಯೂ ಇತ್ತು. 2018ರ ಸೆಪ್ಟೆಂಬರ್‌ನಲ್ಲಿ ಅವರು ಬಹಿರಂಗವಾಗಿ ಕ್ಷಮೆ ಕೇಳಿ ಕೆಲಕಾಲ ಬಿಡುವು ಪಡೆದರು, ಯೋಜನೆ ಹೊಸ ನೀತಿ ಸಂಹಿತೆಯನ್ನು ಅಳವಡಿಸಿಕೊಂಡಿತು. ಲಿನಕ್ಸ್ ಕುಸಿಯಲಿಲ್ಲ. ಕನ್ನಡದಲ್ಲೇ ಇನ್ನೊಂದು ಮಾದರಿ ಇದೆ. ಕನ್ನಡ ವಿಕಿಪೀಡಿಯದ ಸಂಪಾದಕರು ಸಮುದಾಯದ ವಿಚಾರಗಳನ್ನು ‘ಅರಳಿ ಕಟ್ಟೆ’ ಎಂಬ ಬಹಿರಂಗ ಪುಟದಲ್ಲಿ ಚರ್ಚಿಸುತ್ತಾರೆ. ಯಾರು ಏನು ಬರೆದರು, ಏನು ಬದಲಿಸಿದರು ಎಂಬುದು ಪುಟದ ಇತಿಹಾಸದಲ್ಲಿ ಉಳಿಯುತ್ತದೆ. ಬರಹದ ಬಗ್ಗೆ ಮಾತಾಡಿ, ಬರೆದವರ ಬಗ್ಗೆ ಬೇಡ ಎಂಬುದು ವಿಕಿಪೀಡಿಯದ ಮೂಲ ನಡವಳಿಕೆಗಳಲ್ಲಿ ಒಂದು. ಅಲ್ಲಿಯೂ ಜಗಳಗಳಾಗುತ್ತವೆ, ಆದರೆ ಜಗಳ ಬಗೆಹರಿಸುವ ದಾರಿ ಎಲ್ಲರಿಗೂ ಕಾಣುವಂತಿದೆ.

ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಈಗ 1,024 ಮಂದಿ ಇರಬಹುದು. ನಮ್ಮ ಎಷ್ಟೋ ಹಳ್ಳಿಗಳ ಜನಸಂಖ್ಯೆ ಅಷ್ಟಿಲ್ಲ. ಅಷ್ಟು ಜನರ ಕೂಟವನ್ನು ಒಬ್ಬರ ಮರ್ಜಿಗೆ ಬಿಡಲಾಗದು. ಗ್ರೂಪಿನ ವಿವರಣೆಯಲ್ಲಿ ಐದಾರು ಸಾಲಿನ ನಿಯಮಗಳಿರಲಿ, ಅವು ವರ್ತನೆಯ ಬಗ್ಗೆ ಇರಲಿ, ಅಭಿಪ್ರಾಯದ ಬಗ್ಗೆ ಬೇಡ. ಮೊದಲ ಸಲ ಖಾಸಗಿಯಾಗಿ ತಿಳಿಹೇಳಿ, ಎರಡನೇ ಸಲ ಎಚ್ಚರಿಕೆ, ಮೂರನೇ ಸಲ ಸ್ವಲ್ಪ ಕಾಲದ ಮಟ್ಟಿಗೆ ಹೊರಗಿಡುವುದು ಎಂಬ ಕ್ರಮ ಇರಲಿ. ಬೆದರಿಕೆ, ಅಶ್ಲೀಲಕ್ಕೆ ಮಾತ್ರ ಈ ವಿನಾಯಿತಿ ಬೇಡ. ಅಡ್ಮಿನ್ ಒಬ್ಬರೇ ಇರುವುದಕ್ಕಿಂತ ಭಿನ್ನ ಒಲವಿನ ಮೂವರಿರಲಿ, ಅವರು ವರ್ಷಕ್ಕೊಮ್ಮೆ ಬದಲಾಗಲಿ. ಯಾರನ್ನಾದರೂ ತೆಗೆದರೆ ಯಾವ ನಿಯಮದಡಿ ಎಂದು ಗುಂಪಿಗೆ ತಿಳಿಸಲಿ. ತನ್ನನ್ನೇ ಟೀಕಿಸಿದ ಸಂದೇಶದ ಬಗ್ಗೆ ಅಡ್ಮಿನ್ ತಾನೇ ತೀರ್ಪು ಕೊಡದಿರಲಿ.

ಮನೆಮಂದಿಯ ಗ್ರೂಪಿಗೆ, ನಾಲ್ಕು ಗೆಳೆಯರ ಹರಟೆಗೆ ಇಷ್ಟೆಲ್ಲ ಬೇಡ ಎನ್ನುವುದು ಸರಿಯೇ. ಆದರೆ ಬಡಾವಣೆಯ ನೀರು, ಶಾಲೆಯ ಶುಲ್ಕ, ಸಂಘದ ಲೆಕ್ಕಪತ್ರ ಚರ್ಚೆಯಾಗುವ ಗ್ರೂಪು ಖಾಸಗಿ ಹರಟೆಯ ಜಾಗವಲ್ಲ. ಅಲ್ಲಿ ಬೈಗುಳಕ್ಕೆ ಹೆದರಿ ಬಾಯಿ ಮುಚ್ಚಿದವರು, ಬೇಸತ್ತು ಹೊರನಡೆದವರು ತಮ್ಮ ಬದುಕಿಗೆ ಸಂಬಂಧಿಸಿದ ತೀರ್ಮಾನಗಳಲ್ಲಿ ದನಿ ಕಳೆದುಕೊಳ್ಳುತ್ತಾರೆ. ಹಾಗೆ ಹೊರಗುಳಿಯುವವರು ಹೆಚ್ಚಾಗಿ ಹೆಂಗಸರು, ವಯಸ್ಸಾದವರು, ಬಾಡಿಗೆದಾರರು, ಸಂಖ್ಯೆಯಲ್ಲಿ ಕಡಿಮೆ ಇರುವವರು. ಆದ್ದರಿಂದ ಮುಂದಿನ ಜಗಳ ಶುರುವಾಗುವ ಮುನ್ನವೇ, ಎಲ್ಲರೂ ಸಮಾಧಾನದಿಂದಿರುವ ಹೊತ್ತಿನಲ್ಲೇ, ನಿಯಮಗಳನ್ನು ಒಟ್ಟಿಗೆ ಕೂತು ಬರೆದುಕೊಳ್ಳಬೇಕು. ಮತ್ತು ಅವುಗಳಿಗೆ ಮೊದಲು ಬದ್ಧರಾಗಬೇಕಾದವರು ಅಡ್ಮಿನ್‌ಗಳೇ.