ಕಂತುಕಥೆಗೆ ಅಂಕ ಕೊಡುವ ವಿಚಾರ

ಜಪಾನ್ ದೇಶದ ದೂರದರ್ಶನದಲ್ಲಿ ಅನಿಮೆ ಎಂಬ ಚಿತ್ರಕಥೆಗಳು ಋತುಮಾನವನ್ನನುಸರಿಸಿ ಬರುತ್ತವೆ. ಜನವರಿ, ಎಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳಲ್ಲಿ ಹೊಸ ಕಥೆಗಳು ಆರಂಭವಾಗಿ, ವಾರಕ್ಕೊಂದು ಕಂತಿನಂತೆ, ಅನೇಕವು 12 ಅಥವಾ 13 ವಾರಗಳಲ್ಲಿ ಮುಗಿಯುವುವು. ನಮ್ಮ ಮೇಲಿನ ತರಗತಿಗಳ ಹುಡುಗಿಯರಲ್ಲಿ ಕೆಲವರು ಇವನ್ನು ನೋಡುವುದಲ್ಲದೆ, ಪ್ರತಿಯೊಂದು ಕಂತಿನ ವಿಷಯವಾಗಿಯೂ ಅಭಿಪ್ರಾಯವನ್ನು ಬರೆದಿಡುತ್ತಾರೆ. ಇದು ಕಾಲಹರಣವೆನ್ನುವ ಹಿರಿಯರೊಡನೆ ನಾನು ಒಡಂಬಡಲಾರೆನು. ಕಥೆಯ ಅಂತ್ಯವನ್ನರಿಯದೆ, ಈ ವಾರ ಕಂಡುದಿಷ್ಟು, ಊಹಿಸಿದುದಿಷ್ಟು ಎಂದು ಪ್ರಾಮಾಣಿಕವಾಗಿ ಬರೆಯುವುದು ಬುದ್ಧಿಗೆ ಒಳ್ಳೆಯ ಸಾಧನೆಯೇ ಸರಿ. ಇಡೀ ಕಥೆಯನ್ನು ಒಂದೇ ರಾತ್ರಿಯಲ್ಲಿ ನೋಡಿ ಮುಗಿಸುವವರಿಗೆ ಮರುದಿನದ ತೂಕಡಿಕೆಯ ಹೊರತು ಬೇರೆ ಲಾಭವನ್ನು ನಾನು ಕಾಣೆನು.

ನನ್ನ ಆಕ್ಷೇಪಣೆಯಿರುವುದು ಕಂತುಕಂತಿಗೂ ಹತ್ತಕ್ಕೆ ಇಷ್ಟೆಂದು ಅಂಕ ಕೊಡುವ ಪದ್ಧತಿಗೆ. ಉತ್ತರಪತ್ರಿಕೆಯ ಮೊದಲ ಪುಟವನ್ನಷ್ಟೇ ನೋಡಿ ಅಂಕ ಬರೆಯುವ ಉಪಾಧ್ಯಾಯಿನಿಯನ್ನು ಯಾವ ಹುಡುಗಿ ತಾನೇ ಸಹಿಸುವಳು?

2011ನೆಯ ಜನವರಿಯಲ್ಲಿ ಆರಂಭವಾದ 'ಮಡೋಕಾ ಮಾಗಿಕಾ' ಎಂಬ 12 ಕಂತುಗಳ ಕಥೆಯನ್ನೇ ನೋಡಿರಿ. ಇದನ್ನು ಬರೆದವರು ಉರೊಬುಚಿ ಗೆನ್. ನಿರ್ದೇಶಕರು ಶಿನ್ಬೋ ಅಕಿಯುಕಿ. ಮುದ್ದಾದ ಪ್ರಾಣಿಯೊಂದು ಶಾಲಾಬಾಲಿಕೆಯರ ಬಳಿಗೆ ಬಂದು, ಒಂದು ಇಷ್ಟಾರ್ಥವನ್ನು ಸಲ್ಲಿಸುವೆನು, ಪ್ರತಿಯಾಗಿ ಮಾಟಗಾತಿಯರೊಡನೆ ಹೋರಾಡಿರಿ ಎನ್ನುತ್ತದೆ. ಮೊದಲೆರಡು ಕಂತುಗಳನ್ನು ಕಂಡವರು ಇದು ಸಾಮಾನ್ಯವಾದ ಮಂತ್ರಬಾಲಿಕೆಯ ಕಥೆಯೆಂದೆಣಿಸಿದರೆ ಆಶ್ಚರ್ಯವಿಲ್ಲ. ಮೂರನೆಯದರಲ್ಲಿ, ಆ ಬಾಲಿಕೆಯರು ನೆಚ್ಚಿದ್ದ ಹಿರಿಯ ಹುಡುಗಿಯೇ ಸಾಯುತ್ತಾಳೆ. ಆ ಒಪ್ಪಂದದ ನಿಜವಾದ ಬೆಲೆಯು ಆಮೇಲೆ ವಾರವಾರಕ್ಕೂ ಬಯಲಾಗುತ್ತ ಬರುವುದು. ಹೊಸದಾಗಿ ತರಗತಿಗೆ ಸೇರಿದ ಹೋಮುರಾ ಎಂಬವಳು ಮೊದಲು ಬಿರುಸಾಗಿಯೂ ನಿರ್ದಯಳಾಗಿಯೂ ಕಾಣುತ್ತಾಳೆ. ಅವಳು ಹಾಗೇಕೆ ನಡೆದಳೆಂಬುದು 10ನೆಯ ಕಂತಿನವರೆಗೆ ತಿಳಿಯದು. (ಹೊಸದಾಗಿ ಬಂದ ಸಹಪಾಠಿನಿಗೆ ಮೊದಲ ದಿನವೇ ಹೆಸರಿಡುವವರು ನಮ್ಮಲ್ಲಿಯೂ ಉಂಟು.) ಹೀಗಿರುವಾಗ ಮೊದಲ ಕಂತಿಗೆ ಕೊಟ್ಟ ಅಂಕಕ್ಕೆ ಅರ್ಥವೇನು? ಅದೇ ಮಾರ್ಚ್ 11ರ ಭೂಕಂಪದಿಂದಾಗಿ ಕೊನೆಯ ಎರಡು ಕಂತುಗಳ ಪ್ರಸಾರವು ನಿಂತು, ಎಪ್ರಿಲಿನಲ್ಲಿ ಅವು ಒಟ್ಟಿಗೆ ಬಂದುವು. ಅಷ್ಟು ದಿನ ಪ್ರೇಕ್ಷಕರು ತೀರ್ಪಿಲ್ಲದೆಯೇ ಕಾದರಷ್ಟೆ.

ಹಾಗೆಂದು ಬೇಸರವನ್ನು ಮುಚ್ಚಿಡಬೇಕೆಂದಲ್ಲ. 2009ರಲ್ಲಿ 'ಹರುಹಿ ಸುಜುಮಿಯಾ' ಕಥೆಯು ಬಹುಮಟ್ಟಿಗೆ ಒಂದೇ ಘಟನೆಯನ್ನು ಎಂಟು ವಾರ, ಪ್ರತಿಸಲವೂ ಹೊಸದಾಗಿ ಚಿತ್ರಿಸಿ, ಮತ್ತೆ ಮತ್ತೆ ತೋರಿಸಿತು. ಐದನೆಯ ವಾರ ಆಕಳಿಕೆ ಬಂದವಳು ಆಕಳಿಕೆ ಬಂದಿತೆಂದೇ ಬರೆಯಲಿ. ಈಗ ನೋಡುವವರು ನಡುವಿನ ಕಂತುಗಳನ್ನು ಹಾರಿಸಿಬಿಡಬಹುದಾದುದರಿಂದ, ಆ ಬೇಸರದ ಸಾಕ್ಷ್ಯವು ವಾರವಾರ ಕಾದವರಲ್ಲಿಯೇ ಸಿಕ್ಕಬೇಕು.

ಬರುವ ಎಪ್ರಿಲಿನ ಕಥೆಗಳಿಗಾಗಿ ಗ್ರಂಥಾಲಯದ ಮೇಜಿನ ಮೇಲೆ ಒಂದು ದಪ್ಪ ಪುಸ್ತಕವನ್ನಿಡಿಸುವೆನು. ತಾರೀಖು, ಕಂತಿನ ಸಂಖ್ಯೆ, ಮೆಚ್ಚಿದ ಅಥವಾ ಮೆಚ್ಚದ ದೃಶ್ಯ, ಅದಕ್ಕೆ ಕಾರಣ ಇಷ್ಟನ್ನು ಬರೆಯತಕ್ಕದ್ದು. ಅಂಕಕ್ಕೆ ಕೊನೆಯ ಕಂತಿನ ಕೆಳಗೆ ಮಾತ್ರ ಸ್ಥಳವಿರುವುದು. ಅಭಿಪ್ರಾಯವು ಬದಲಾದರೆ ಕೆಳಗೆ ಹೊಸದಾಗಿ ಬರೆಯಬಹುದು, ಹಿಂದಿನದನ್ನು ಹೊಡೆದುಹಾಕಕೂಡದು. ಮಸಿಯಿಂದಲೇ ಬರೆಯಿರಿ, ಪೆನ್ಸಿಲ್ ಬೇಡ.