ಅಜ್ಜಂಪುರ: ಎರಡು ಸೀಮೆಗಳ ನಡುವಣ ಹೊಸ್ತಿಲು

ಕಳೆದ ಬೇಸಿಗೆಯಲ್ಲಿ ಅಜ್ಜಂಪುರ ಸೀಮೆಯ ಹಳ್ಳಿಯೊಂದಕ್ಕೆ, ಸದ್ಭಕ್ತರೊಬ್ಬರ ಮನೆಯ ಗೃಹಪ್ರವೇಶದ ನಿಮಿತ್ತ ನಾವು ಹೋಗಿದ್ದೆವು. ಪೂಜೆ, ಪ್ರಸಾದ ಮುಗಿದ ಮೇಲೆ ಮನೆಯ ಹಿರಿಯರು ಹೊಸ ಕೋಣೆಗಳನ್ನೆಲ್ಲ ತೋರಿಸಿದರು. "ಕೊಟ್ಟಿಗೆ ಯಾವ ಕಡೆ, ಯಜಮಾನರೇ?" ಎಂದು ಕೇಳಿದೆವು. ಅವರು ಕ್ಷಣಕಾಲ ಸುಮ್ಮನಿದ್ದು, "ಎತ್ತುಗಳನ್ನೇ ಮಾರಿದ ಮೇಲೆ ಕೊಟ್ಟಿಗೆ ಯಾತಕ್ಕೆ, ಶಾಸ್ತ್ರಿಗಳೇ?" ಎಂದರು. ಪಕ್ಕದಲ್ಲಿದ್ದ ಮೊಮ್ಮಗ ಪ್ರೌಢಶಾಲೆಯ ಹುಡುಗ. "ಅಜ್ಜಾರೇ, ನಮ್ಮ ಪುಸ್ತಕದಲ್ಲಿ ಹಂಪಿ ಇದೆ, ಬೇಲೂರು ಇದೆ. ಅಜ್ಜಂಪುರಕ್ಕೆ ಚರಿತ್ರೆ ಇಲ್ಲವೇ?" ಎಂದು ಅವನು ಕೇಳಿದ. ಅಜ್ಜನ ಮಾತಿಗೂ ಮೊಮ್ಮಗನ ಪ್ರಶ್ನೆಗೂ ನಂಟುಂಟು ಎಂದು ನಮಗೆ ತೋರಿತು. ಈ ತಿಂಗಳು ಅದನ್ನೇ ಓದುಗರ ಮುಂದಿಡುತ್ತಿದ್ದೇವೆ.

ಮೊದಲು ನೆಲದ ಮಾತು. ಬಾಬಾಬುಡನ್ ಗಿರಿಶ್ರೇಣಿಯ ಪಡುವಣ ಮೈಗೆ ಧಾರಾಕಾರ ಮಳೆ. ಮೂಡಣಕ್ಕೆ ಇಳಿದಂತೆಲ್ಲ ಮುಗಿಲು ಬರಿದಾಗುತ್ತದೆ. ತರೀಕೆರೆ ಇನ್ನೂ ಮಲೆನಾಡಿನ ಸೆರಗಿನಲ್ಲಿದೆ. ಕಡೂರು ಬಯಲುಸೀಮೆಯ ಊರು. ಇವೆರಡರ ನಡುವೆ, ಎರೆಭೂಮಿಯೂ ಹುಲ್ಲುಗಾವಲೂ ಕೂಡಿದ ಎಡೆಯಲ್ಲಿ ಅಜ್ಜಂಪುರವಿದೆ. ಇಲ್ಲಿನ ದಿಣ್ಣೆಗಳ ಪಶ್ಚಿಮದ ನೀರು ಭದ್ರೆಗೆ ಹರಿದರೆ, ಪೂರ್ವದ ನೀರು ವೇದಾವತಿಗೆ ಸೇರುತ್ತದೆ. ಅಯ್ಯನಕೆರೆಯನ್ನು ತುಂಬಿಸುವ ವೇದಾ, ಮದಗದಕೆರೆಯನ್ನು ತುಂಬಿಸುವ ಅವತಿ, ಇವೆರಡೂ ಕೂಡಿ ವೇದಾವತಿಯಾಗಿ ಹೊಸದುರ್ಗದ ಕಡೆಗೆ ಸಾಗುತ್ತವೆ. ಪ್ರಕೃತಿ ಬೇರ್ಪಡಿಸಿದ ಈ ಎರಡು ಜಲಗಳನ್ನು ನಮ್ಮ ಕಾಲದಲ್ಲಿ ಮನುಷ್ಯನು ಜೋಡಿಸಿದ್ದಾನೆ. ಭದ್ರಾ ಮೇಲ್ದಂಡೆ ಯೋಜನೆಗಾಗಿ ಅಜ್ಜಂಪುರದ ಬಳಿ ಸುಮಾರು 7 ಕಿಲೋಮೀಟರು ಸುರಂಗ ಕೊರೆದು, 2019ರಲ್ಲಿ ಭದ್ರೆಯ ನೀರನ್ನು ವಾಣಿವಿಲಾಸ ಸಾಗರದ ಕಡೆಗೆ ಹರಿಸಲಾಯಿತು. 1933ರಲ್ಲಿ ಕೋಡಿ ಹರಿದಿದ್ದ ಆ ಜಲಾಶಯ ಮತ್ತೆ ಕೋಡಿ ಕಂಡದ್ದು 2022ರಲ್ಲಿ.

ಇನ್ನು ಚರಿತ್ರೆ. ಕಲ್ಲಿನ ಚರಿತ್ರೆಯೇ ಬೇಕೆನ್ನುವವರಿಗೆ ನೆರೆಯ ತರೀಕೆರೆ ತಾಲ್ಲೂಕಿನಲ್ಲಿ ಅಮೃತಾಪುರವಿದೆ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕನು ಅಲ್ಲಿ ಶಿವಾಲಯವನ್ನು ಕಟ್ಟಿಸಿದನು. ಅಲ್ಲಿಯ ಶಿಲಾಶಾಸನದಲ್ಲಿ ಜನ್ನ ಕವಿಯ ಪದ್ಯಗಳಿವೆ. ಶಿಲ್ಪಿ ಮಲ್ಲಿತಮ್ಮನ ಕೈಚಳಕವನ್ನೂ ಅಲ್ಲಿ ಕಾಣಬಹುದು. ಆದರೆ ಅಜ್ಜಂಪುರದ ಹೆಸರನ್ನು ನಾಡಿನಾಚೆಗೆ ಒಯ್ದದ್ದು ಕಲ್ಲಲ್ಲ, ಎತ್ತು.

ಮೈಸೂರಿನ ಚಿಕ್ಕದೇವರಾಜ ಒಡೆಯರು (1673-1704) ಅರಮನೆಯ ದನಗಳಿಗಾಗಿ 'ಬೆಣ್ಣೆ ಚಾವಡಿ' ಎಂಬ ಇಲಾಖೆಯನ್ನು ನಡೆಸಿದರು. ಹೈದರಲಿಯು ಅದೇ ಹಿಂಡಿನ ಎತ್ತುಗಳನ್ನು ಫಿರಂಗಿ ಎಳೆಯಲು ಹೂಡಿದನು. ಚಿದಂಬರದ ನೆರವಿಗಾಗಿ ಅವನು ಎರಡೂವರೆ ದಿನಗಳಲ್ಲಿ 100 ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದ ಎಂದು ಆಂಗ್ಲರೇ ಬರೆದಿದ್ದಾರೆ. ಟಿಪ್ಪು ಸುಲ್ತಾನನು ಇಲಾಖೆಗೆ 'ಅಮೃತ ಮಹಲ್' ಎಂಬ ಹೆಸರನ್ನಿಟ್ಟನು. 1799ರ ನಂತರ ಹಿಂಡು ಆಂಗ್ಲರ ವಶವಾಯಿತು. 1860ರಲ್ಲಿ ಅವರು ಖರ್ಚು ಉಳಿಸಲು ಇಲಾಖೆಯನ್ನೇ ಮುಚ್ಚಿ ದನಗಳನ್ನು ಮಾರಿದರು. ಕೆಲವೇ ವರ್ಷಗಳಲ್ಲಿ ತಪ್ಪಿನ ಅರಿವಾಗಿ ಮತ್ತೆ ತೆರೆದರು. ಮಾರುವುದು ಒಂದು ದಿನದ ಕೆಲಸ, ತಳಿ ಕಟ್ಟುವುದು ತಲೆಮಾರುಗಳ ಕೆಲಸ! 1882ರಲ್ಲಿ ಹಿಂಡು ಮೈಸೂರು ಸರ್ಕಾರಕ್ಕೆ ಮರಳಿತು. 1929ರಲ್ಲಿ ಅಜ್ಜಂಪುರದಲ್ಲಿ ತಳಿ ಸಂವರ್ಧನ ಕೇಂದ್ರ ನೆಲೆಗೊಂಡಿತು.

ಈ ಹಿಂಡುಗಳಿಗೆಂದೇ ಮೀಸಲಾದ ಹುಲ್ಲುಗಾವಲುಗಳೇ ಕಾವಲುಗಳು. ಹಿರಿಯರು ಅವುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿದ್ದರು. ಕೆರೆಯಂಗಳದ ಹಸಿರು, ಮರದ ನೆರಳು ಇರುವ ಬೇಸಿಗೆ ಕಾವಲಿಗೆ ಎಲ್ಲಕ್ಕಿಂತ ಬೆಲೆ ಹೆಚ್ಚು. ಹಿಂಡು ಋತುವಿಗೆ ತಕ್ಕಂತೆ ಕಾವಲಿನಿಂದ ಕಾವಲಿಗೆ ನಡೆಯುತ್ತಿತ್ತು. ಮೇಯ್ದ ನೆಲ ಅಷ್ಟರಲ್ಲಿ ಮತ್ತೆ ಚಿಗುರುತ್ತಿತ್ತು. ಒಂದು ಕಾಲಕ್ಕೆ ಲಕ್ಷಾಂತರ ಎಕರೆಯಿದ್ದ ಕಾವಲುಗಳು ಸಾಗುವಳಿ, ಒತ್ತುವರಿ, ಸರ್ಕಾರಿ ಹಂಚಿಕೆಗಳಿಂದ ಕರಗುತ್ತ ಬಂದವು. 2010ರ ಸುಮಾರಿಗೆ ಚಳ್ಳಕೆರೆಯ ಕಡೆ ಸಾವಿರಾರು ಎಕರೆ ಕಾವಲು ಸಂಶೋಧನಾ ಸಂಸ್ಥೆಗಳ ಪಾಲಾಯಿತು. ಅತ್ತ ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶವಾಗಿ ಘೋಷಿಸಿದ್ದು ಸಮಾಧಾನದ ಸಂಗತಿ. ಹುಲ್ಲು ಉಳಿದರೆ ದನ ಮಾತ್ರವಲ್ಲ, ಜಿಂಕೆಯೂ ಹಕ್ಕಿಯೂ ಉಳಿಯುತ್ತವೆ.

1889ರ ಹೊತ್ತಿಗೆ ಬೆಂಗಳೂರಿನಿಂದ ಹರಿಹರದವರೆಗೆ ರೈಲು ಹಳಿ ಬಿದ್ದಾಗ ಅಜ್ಜಂಪುರಕ್ಕೆ ಹೊರನಾಡಿನ ಬಾಗಿಲು ತೆರೆಯಿತು. 2017ರಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಅಜ್ಜಂಪುರವೂ ಸೇರಿತು. ಈರುಳ್ಳಿ, ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಅಡಿಕೆ ಸಸಿಗಳು ತಲೆಯೆತ್ತಿವೆ. ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ. ಇದನ್ನು ನಾವು ಹಳಿಯುವುದಿಲ್ಲ. ರೈತನ ಬೆನ್ನಿನ ನೋವು ಕಡಿಮೆಯಾಗುವುದಾದರೆ ಅದೂ ಒಳ್ಳೆಯದೇ. ಕೂಲಿಯವರು ಸಿಗದ ಕಾಲದಲ್ಲಿ ಎತ್ತು ಸಾಕುವ ಕಷ್ಟ ಸಾಕುವವರಿಗೇ ಗೊತ್ತು. ಆದರೂ ಅಂತರಘಟ್ಟೆಯ ದುರ್ಗಾಂಬೆಯ ಜಾತ್ರೆಗೆ ಇಂದಿಗೂ ಸಿಂಗರಿಸಿದ ಎತ್ತಿನ ಗಾಡಿಗಳು ಸಾಲುಗಟ್ಟಿ ಧಾವಿಸುವುದನ್ನು ಕಂಡವರಿಗೆ, ಈ ಸೀಮೆಯ ಜನರ ಎದೆಯಲ್ಲಿ ಎತ್ತು ಇನ್ನೂ ಸತ್ತಿಲ್ಲವೆಂಬುದು ತಿಳಿದೀತು.

ನಾವು ಆ ಹುಡುಗನಿಗೆ ಹೇಳಿದ್ದು ಇಷ್ಟೇ: "ಮಗು, ನಿನ್ನೂರಿನ ಚರಿತ್ರೆ ನಿಮ್ಮ ಮನೆಯ ಕೊಟ್ಟಿಗೆಯಲ್ಲಿತ್ತು. ನಿನ್ನಜ್ಜನಲ್ಲಿ ಇನ್ನೂ ಇದೆ. ಕೇಳಿ ಬರೆದುಕೋ." ಹುಡುಗ ಅಂದೇ ನೋಟುಪುಸ್ತಕ ತಂದು ಅಜ್ಜನ ಪಕ್ಕದಲ್ಲಿ ಕುಳಿತ. ಮಾರಿದ ಜೋಡಿಯ ಹೆಸರುಗಳನ್ನು ಮೊದಲು ಹೇಳುವಾಗ ಹಿರಿಯರ ಕಂಠ ತುಸು ಗದ್ಗದವಾಯಿತು.

'ಬಸವ' ಎಂಬ ನುಡಿ 'ವೃಷಭ'ದಿಂದ ಬಂದುದೆಂಬುದನ್ನು ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆ ಹೆಸರನ್ನು ದಿನವೂ ಉಚ್ಚರಿಸುವ ನಾವು, ಆ ಜೀವ ಮೇಯುವ ನೆಲವನ್ನು ಮರೆಯಬಾರದು. ಪ್ರತಿ ಮನೆಯಲ್ಲೂ ಜೋಡಿ ಎತ್ತು ಸಾಕಿರೆಂದು ನಾವು ಹೇಳೆವು. ಅದು ಆಗದ ಮಾತು. ತಮ್ಮೂರಿನ ಗೋಮಾಳ, ಕಾವಲು, ಕೆರೆಗಳ ಎಲ್ಲೆ ಎಲ್ಲಿಂದ ಎಲ್ಲಿಗೆ ಎಂಬುದನ್ನು ಹಿರಿಯರು ಬದುಕಿರುವಾಗಲೇ ಮಕ್ಕಳಿಗೆ ನಡೆದು ತೋರಿಸಿರಿ. ಗ್ರಾಮಸಭೆಯಲ್ಲಿ ಅವುಗಳ ಮಾತು ಬಂದಾಗ ಸುಮ್ಮನಿರಬೇಡಿರಿ. ಎಲ್ಲೆ ತಿಳಿಯದ ನೆಲವನ್ನು ಕಾಯುವವರು ಯಾರು?